ಡಿಶ್ ಬಾಕ್ಸ್‌ನಿಂದ ಲ್ಯಾಪ್‌ಟಾಪ್‌ಗೆ ರೆಕಾರ್ಡಿಂಗ್: ಕೊಡಗಿನ ಮಳೆ, ಕರೆಂಟಿನ ನಡುವೆ ಬಳಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಟಿವಿಯಲ್ಲಿ ಬರುವುದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಸಣ್ಣದೊಂದು ಯುಎಸ್‌ಬಿ ಎವಿ ಕ್ಯಾಪ್ಚರ್ ಡಾಂಗಲ್ (ಬಾಕ್ಸಿನ ಚಿತ್ರ, ಧ್ವನಿಯನ್ನು ಕಂಪ್ಯೂಟರಿಗೆ ಸೇರಿಸುವ ಪುಟ್ಟ ಸಾಧನ) ಸಾಕು. ಚಿತ್ರ ಎಚ್‌ಡಿ ಮಟ್ಟಕ್ಕೆ ಬರುವುದಿಲ್ಲ, ನಿಜ. ಆದರೆ ನಮ್ಮ ಕಡೆ ರೆಕಾರ್ಡಿಂಗ್ ಹಾಳಾಗುವುದು ಅದರಿಂದಲ್ಲ. ಕರೆಂಟು ಮತ್ತು ಮಳೆಯಿಂದ. ಅವೆರಡಕ್ಕೆ ತಕ್ಕ ಹಾಗೆ ಜೋಡಿಸಿಕೊಂಡರೆ ಈ ಡಾಂಗಲ್ ವರ್ಷಗಟ್ಟಲೆ ಕೆಲಸ ಮಾಡುತ್ತದೆ. ನಮ್ಮ ಮನೆಯಲ್ಲಿ ಮಾಡುತ್ತಿದೆ.

ಮನೆ ಇರುವುದು ನಾಪೋಕ್ಲು ಕಡೆ, ಕಾಫಿ ತೋಟದ ಒಳಗೆ. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಅದು ಮುಗಿಯುತ್ತಿದ್ದಂತೆ ರೊಬಸ್ಟಾ. ಅವ್ವನ ಧಾರಾವಾಹಿ ಶುರುವಾಗುವ ಹೊತ್ತಿಗೆ ಕಣದಲ್ಲಿ ಹಣ್ಣು ತೂಕ ಮಾಡಿಸುವ ಕೆಲಸ ಇನ್ನೂ ಮುಗಿದಿರುವುದಿಲ್ಲ. ಆಮೇಲೆ ಮೊಬೈಲಲ್ಲಿ ನೋಡಬಹುದಲ್ವಾ ಅಂತ ಬೆಂಗಳೂರಿನ ನೆಂಟರು ಕೇಳುತ್ತಾರೆ. ಇಲ್ಲಿ ಕರೆಂಟು ಹೋಗಿ ಟವರಿನ ಬ್ಯಾಟರಿ ಮುಗಿದರೆ ನೆಟ್‌ವರ್ಕೂ ಹೋಗುತ್ತದೆ. ತಲಕಾವೇರಿಯ ತೀರ್ಥೋದ್ಭವ ಒಂದು ವರ್ಷ ನಡುರಾತ್ರಿ ಬರುತ್ತದೆ, ಇನ್ನೊಂದು ವರ್ಷ ಬೆಳಿಗ್ಗೆ. ಅಲ್ಲಿಗೆ ಹೋಗಲಾಗದ ಹಿರಿಯರಿಗೆ ಅದರ ನೇರಪ್ರಸಾರವನ್ನು ಆಮೇಲೆ ನಿಧಾನವಾಗಿ ತೋರಿಸಬೇಕೆಂದರೆ ಮನೆಯಲ್ಲೇ ಒಂದು ಫೈಲ್ ಇರಬೇಕು.

ಸೆಟ್ ಟಾಪ್ ಬಾಕ್ಸ್‌ನಲ್ಲೇ ರೆಕಾರ್ಡಿಂಗ್ ಇದೆಯಲ್ಲ ಅನ್ನಬಹುದು. ದುಡ್ಡು ಕಟ್ಟುವ ಡಿಟಿಎಚ್ ಬಾಕ್ಸ್‌ಗಳಲ್ಲಿ ಹಾಗೆ ಉಳಿಸಿದ್ದು ಸಾಮಾನ್ಯವಾಗಿ ಲಾಕ್ ಆಗಿರುತ್ತದೆ, ಅದೇ ಬಾಕ್ಸ್‌ನಲ್ಲಿ ಮಾತ್ರ ಓಡುತ್ತದೆ. ಬಾಕ್ಸ್ ಕೆಟ್ಟರೆ ಎಲ್ಲ ಹೋಯಿತು. ಅದಕ್ಕೇ ನಾನು ಕಂಪ್ಯೂಟರಿನ ದಾರಿ ಹಿಡಿದೆ.

ಎಚ್‌ಡಿಎಂಐ ಕ್ಯಾಪ್ಚರ್ ಡಾಂಗಲ್‌ಗಳ ವಿಷಯ ಇಲ್ಲೇ ಹೇಳಬೇಕು, ಯಾಕೆಂದರೆ ಎಲ್ಲರೂ ಮೊದಲು ಅದನ್ನೇ ಕೇಳುತ್ತಾರೆ. ಡಬ್ಬಿಯ ಮೇಲೆ 4ಕೆ ಅಂತ ದೊಡ್ಡದಾಗಿ ಇರುತ್ತದೆ. ಅಗ್ಗದವುಗಳಲ್ಲಿ ಅದು ಒಳಗೆ ಬರುವ ಸಿಗ್ನಲ್‌ನ ಮಾತು, ರೆಕಾರ್ಡ್ ಆಗುವುದು ಹೆಚ್ಚೆಂದರೆ 1080ಪಿ. ಅದಕ್ಕಿಂತ ದೊಡ್ಡ ತೊಡಕು ಎಚ್‌ಡಿಸಿಪಿ ಅನ್ನುವ, ನಕಲು ತಡೆಯುವ ಬೀಗ. ಡಿಟಿಎಚ್ ಬಾಕ್ಸ್ ಎಚ್‌ಡಿಎಂಐ ಮೂಲಕ ಕಳಿಸುವ ಚಿತ್ರಕ್ಕೆ ಈ ಬೀಗ ಹಾಕಿದ್ದರೆ ಲ್ಯಾಪ್‌ಟಾಪಿನಲ್ಲಿ ಕಾಣುವುದು ಬರೀ ಕಪ್ಪು ಪರದೆ. ಡಾಂಗಲ್ ಕೆಟ್ಟಿದೆ ಅಂತ ವಾಪಸ್ ಕಳಿಸುವವರೇ ಜಾಸ್ತಿ. ಅದು ಕೆಟ್ಟಿರುವುದಿಲ್ಲ.

ಹಾಗಾಗಿ ಉಳಿಯುವುದು ಹಳೆಯ ಹಳದಿ, ಕೆಂಪು, ಬಿಳಿ ಪಿನ್ನುಗಳ ಎವಿ ದಾರಿ. ಹಳದಿಯಲ್ಲಿ ಚಿತ್ರ, ಉಳಿದೆರಡರಲ್ಲಿ ಧ್ವನಿ. ನಮ್ಮ ಬಾಕ್ಸ್ ಎಚ್‌ಡಿಎಂಐ ಮತ್ತು ಎವಿ ಎರಡನ್ನೂ ಒಟ್ಟಿಗೆ ಕೊಡುತ್ತದೆ. ಟಿವಿ ಎಚ್‌ಡಿಎಂಐನಲ್ಲಿ ಓಡುತ್ತಿರುತ್ತದೆ, ಲ್ಯಾಪ್‌ಟಾಪಿಗೆ ಎವಿ ಹೋಗುತ್ತದೆ. ಹೊಸ ಬಾಕ್ಸ್‌ಗಳಲ್ಲಿ ಮೂರು ತೂತಿನ ಬದಲು ಹೆಡ್‌ಫೋನ್‌ನಂಥ ಒಂದೇ ಜಾಕ್ ಇರುತ್ತದೆ. ಅದಕ್ಕೆ ಬಾಕ್ಸ್ ಜೊತೆ ಬಂದ ಕೇಬಲ್ಲೇ ಬೇಕು. ನೋಡಲು ಒಂದೇ ತರ ಇದ್ದರೂ ಒಳಗಿನ ತಂತಿಯ ಕ್ರಮ ಬೇರೆ ಬೇರೆ ಇರುತ್ತದೆ. ತಪ್ಪು ಕೇಬಲ್ ಹಾಕಿದರೆ ಚಿತ್ರದ ಜಾಗದಲ್ಲಿ ಗೊರ್ ಅನ್ನುವ ಸದ್ದು ಮಾತ್ರ.

ರೆಕಾರ್ಡ್ ಮಾಡಲು ಒಬಿಎಸ್ ಸ್ಟುಡಿಯೋ ಅನ್ನುವ ಸಾಫ್ಟ್‌ವೇರ್ ಬಳಸುತ್ತೇನೆ. ಉಚಿತ, ಜಾಹೀರಾತಿಲ್ಲ. ಡಿವೈಸ್ ಸೆಟ್ಟಿಂಗಿನಲ್ಲಿ ವಿಡಿಯೋ ಸ್ಟ್ಯಾಂಡರ್ಡ್ ಪಾಲ್-ಬಿ (ನಮ್ಮ ದೇಶದ ಟಿವಿ ಪದ್ಧತಿ) ಇರಲಿ. ಎನ್‌ಟಿಎಸ್‌ಸಿ ಅಂತ ಇದ್ದರೆ ಚಿತ್ರ ಕಪ್ಪು ಬಿಳುಪಾಗಬಹುದು, ಉರುಳಲೂಬಹುದು. ಪಾಲ್ ಚಿತ್ರ 720x576. ಅದನ್ನು ಹಾಗೇ ಉಳಿಸಿದರೆ ಮುಖಗಳೆಲ್ಲ ಉದ್ದಕ್ಕೆ ಎಳೆದಂತೆ ಕಾಣುತ್ತವೆ, ಅದಕ್ಕೆ 1024x576ಕ್ಕೆ ಅಗಲ ಮಾಡಿ. ಡೀಇಂಟರ್ಲೇಸಿಂಗ್‌ನಲ್ಲಿ ಯಾಡಿಫ್ ಆರಿಸಿದರೆ ಓಡಾಡುವ ಜನರ ಅಂಚಿನಲ್ಲಿ ಬರುವ ಬಾಚಣಿಗೆ ಹಲ್ಲಿನಂಥ ಗೆರೆಗಳು ಹೋಗುತ್ತವೆ. ಗುಣಮಟ್ಟ ಹೇಗೆ ಅಂದರೆ, ಮುಖ, ಬಣ್ಣ, ಧ್ವನಿ ಚೆನ್ನಾಗಿವೆ. ನ್ಯೂಸ್ ಚಾನೆಲ್ಲಿನ ಕೆಳಗಡೆ ಓಡುವ ಸಾಲಿನಲ್ಲಿ ಮಾತ್ರ ಒತ್ತಕ್ಷರಗಳು ಮಸುಕಾಗುತ್ತವೆ. ಹಾಕಿ ಪಂದ್ಯದಲ್ಲಿ ಚೆಂಡು ಆಗಾಗ ಕಣ್ಣಿಗೆ ತಪ್ಪುತ್ತದೆ. ಕೊಡಗಿನವರಿಗೆ ಇದು ಸಣ್ಣ ಕೊರತೆ ಅಲ್ಲ.

ಈಗ ಕರೆಂಟಿನ ವಿಷಯ. ನನ್ನ ಪ್ರಕಾರ ಇದೇ ಮುಖ್ಯ. ರೆಕಾರ್ಡಿಂಗ್ ಫಾರ್ಮ್ಯಾಟನ್ನು ಎಂಕೆವಿ ಮಾಡಿಡಿ. ಮಾಮೂಲಿ ಎಂಪಿ4 ಫೈಲಿನಲ್ಲಿ ಓದಲು ಬೇಕಾದ ಮಾಹಿತಿ ಕೊನೆಯಲ್ಲಿ ಬರೆಯಲ್ಪಡುತ್ತದೆ. ನಡುವೆ ಕಂಪ್ಯೂಟರ್ ಆಫ್ ಆದರೆ ಎರಡು ಗಂಟೆಯ ಫೈಲ್ ಪೂರಾ ತೆರೆಯದೇ ಹೋಗಬಹುದು. ಎಂಕೆವಿಯಲ್ಲಿ ಅಲ್ಲಿಯವರೆಗಿನದು ಉಳಿಯುತ್ತದೆ. ಆಮೇಲೆ ಒಬಿಎಸ್‌ನಲ್ಲೇ ಇರುವ ರೀಮಕ್ಸ್‌ನಿಂದ ಎಂಪಿ4 ಮಾಡಿಕೊಳ್ಳಬಹುದು, ಗುಣಮಟ್ಟ ಕಡಿಮೆಯಾಗುವುದಿಲ್ಲ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ ಅಂತ ನೆಮ್ಮದಿಯಿಂದ ಕೂರುವಂತಿಲ್ಲ. ಡಿಶ್ ಬಾಕ್ಸ್‌ಗೆ ಬ್ಯಾಟರಿ ಇಲ್ಲವಲ್ಲ. ಬಾಕ್ಸ್ ಒಮ್ಮೆ ಆಫ್ ಆಗಿ ಬಂದರೆ ಮತ್ತೆ ಚಾನೆಲ್ ಹಿಡಿಯಲು ಸಮಯ ತೆಗೆದುಕೊಳ್ಳುತ್ತದೆ, ಕೆಲವು ಬಾಕ್ಸ್‌ಗಳು ಸ್ಟ್ಯಾಂಡ್‌ಬೈಯಲ್ಲೇ ನಿಂತುಬಿಡುತ್ತವೆ. ನಮ್ಮದನ್ನು ಇನ್ವರ್ಟರ್ ಲೈನಿಗೆ ಹಾಕಿಸಿದ್ದೇವೆ. ಅಂದಿನಿಂದ ಈ ತಲೆನೋವು ತೀರಾ ಕಡಿಮೆ.

ಮಳೆಗೆ ಮಾತ್ರ ಇಷ್ಟು ಸುಲಭದ ಪರಿಹಾರ ಇಲ್ಲ. ಡಿಟಿಎಚ್ ಬರುವುದು ಕೆಯು ಬ್ಯಾಂಡ್ ಅನ್ನುವ, ಹೆಚ್ಚು ಆವರ್ತನದ ರೇಡಿಯೋ ಅಲೆಗಳಲ್ಲಿ. ಜೋರು ಮಳೆಯ ಹನಿಗಳು ಆ ಅಲೆಗಳನ್ನು ಹೀರಿಕೊಳ್ಳುತ್ತವೆ. ಜುಲೈಯಲ್ಲಿ ಭಾಗಮಂಡಲದ ಕಡೆಯಿಂದ ಮಳೆ ಇಳಿದುಬಂದರೆ ಬಾಕ್ಸ್ ಸಿಗ್ನಲ್ ಇಲ್ಲ ಅನ್ನುತ್ತದೆ, ಒಬಿಎಸ್ ಅದನ್ನೇ ಪ್ರಾಮಾಣಿಕವಾಗಿ ರೆಕಾರ್ಡ್ ಮಾಡುತ್ತಾ ಹೋಗುತ್ತದೆ. ಸ್ವಲ್ಪ ದೊಡ್ಡ ಡಿಶ್ ಹಾಕಿದರೆ ಸಾಧಾರಣ ಮಳೆಯನ್ನು ತಡೆಯುತ್ತದೆ, ಹುಚ್ಚು ಮಳೆಯನ್ನಲ್ಲ. ಕೈಯಲ್ಲಾಗುವ ಇನ್ನೊಂದು ಕೆಲಸ ಕೇಬಲ್ಲಿನದು. ಎಲ್‌ಎನ್‌ಬಿಗೆ (ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಭಾಗಕ್ಕೆ) ಸೇರುವ ಕಡೆ ನೀರು ಇಳಿಯದಂತೆ ಟೇಪ್ ಸುತ್ತಿ. ಕೇಬಲ್ ಗೋಡೆಯೊಳಗೆ ಹೋಗುವ ಮುಂಚೆ ಸ್ವಲ್ಪ ಕೆಳಗೆ ಬಾಗಿರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಮರಗಳ ಕಡೆಗೂ ಕಣ್ಣಿರಲಿ. ಉದಾಹರಣೆಗೆ ಡಿಡಿ ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವದಲ್ಲಿ. ಕೊಡಗಿನಿಂದ ಅದು ಆಗ್ನೇಯಕ್ಕೆ, ಸುಮಾರು 65 ಡಿಗ್ರಿ ಎತ್ತರದಲ್ಲಿ. ಮನೆಯ ಆ ಬದಿಗೆ ಒತ್ತಿಕೊಂಡು ಸಿಲ್ವರ್ ಓಕ್ ಬೆಳೆಯುತ್ತಿದ್ದರೆ ಇವತ್ತಲ್ಲ ನಾಳೆ ಅಡ್ಡ ಬರುತ್ತದೆ. ಇನ್ನು ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಯಾವ ರೆಕಾರ್ಡಿಂಗೂ ಬೇಡ. ಡಿಶ್ ಕೇಬಲ್, ಪ್ಲಗ್ ಎರಡನ್ನೂ ಕಿತ್ತಿಡಿ. ಸಿಡಿಲು ಬಾಕ್ಸಿಗೆ ಬಂದರೆ ಎವಿ ಕೇಬಲ್ ಹಿಡಿದು ಲ್ಯಾಪ್‌ಟಾಪಿಗೂ ಬರುತ್ತದೆ.

ಸಣ್ಣಪುಟ್ಟ ಕಾಟಗಳೂ ಇವೆ. ಮಳೆಗಾಲದ ತೇವಕ್ಕೆ ಎವಿ ಪಿನ್ನುಗಳು ಮಂಕಾಗುತ್ತವೆ, ಒಂದು ಬದಿಯ ಧ್ವನಿ ನಿಂತುಹೋಗುತ್ತದೆ. ಒಣಬಟ್ಟೆಯಲ್ಲಿ ಉಜ್ಜಿದರೆ ಸರಿಹೋಗುತ್ತದೆ. ಚಾರ್ಜರ್ ಹಾಕಿದಾಗ ಚಿತ್ರದಲ್ಲಿ ಅಡ್ಡಪಟ್ಟಿ, ಧ್ವನಿಯಲ್ಲಿ ಗುಂಯ್ ಅಂತ ಬಂದರೆ ಅರ್ಥಿಂಗ್ ಗೊಂದಲ. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಜಾಗದ ಚಿಂತೆ ಬೇಡ. ಈ ಚಿತ್ರಕ್ಕೆ 2.5 ಎಂಬಿಪಿಎಸ್ (ಸೆಕೆಂಡಿಗೆ 2.5 ಮೆಗಾಬಿಟ್) ಧಾರಾಳ, ಗಂಟೆಗೆ ಸುಮಾರು 1.1 ಜಿಬಿ. ಹಳೆಯ ಪೆನ್ ಡ್ರೈವ್ ಎಫ್‌ಎಟಿ32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ, ಅಷ್ಟೇ.

ಕಂಪ್ಯೂಟರ್ ಚಾನೆಲ್ ಬದಲಾಯಿಸಲಾರದು, ಇದು ತಿಳಿದಿರಲಿ. ಬಾಕ್ಸ್‌ನಲ್ಲಿ ಏನು ಓಡುತ್ತಿದೆಯೋ ಅದೇ ರೆಕಾರ್ಡ್ ಆಗುತ್ತದೆ. ಅವ್ವ ತೋಟಕ್ಕೆ ಹೋಗುವ ಮುಂಚೆ ಚಾನೆಲ್ ಇಟ್ಟು ಹೋಗುತ್ತಾರೆ. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ಹೊತ್ತಿಗೆ ಸರಿಯಾಗಿ ಒಬಿಎಸ್ ತೆರೆದು ರೆಕಾರ್ಡಿಂಗ್ ಶುರು ಮಾಡುತ್ತದೆ. ರಿಮೋಟನ್ನು ಮೊಮ್ಮಕ್ಕಳ ಕೈಗೆ ಸಿಗದಂತೆ ಇಡುವುದು ಅವ್ವನದೇ ಜವಾಬ್ದಾರಿ.

ಕುಶಾಲನಗರದ ನಮ್ಮ ಭಾವ ಬೇರೆ ದಾರಿ ಹಿಡಿದಿದ್ದಾರೆ. ಅವರದು ಡಿವಿಬಿ-ಎಸ್2 ಟ್ಯೂನರ್. ಡಿಶ್ ಕೇಬಲ್ ನೇರ ಕಂಪ್ಯೂಟರಿಗೇ ಬರುತ್ತದೆ, ನಡುವೆ ಬಾಕ್ಸ್ ಇಲ್ಲ. ಪ್ರಸಾರವಾದದ್ದೇ ಹಾಗೇ ಫೈಲಾಗುವುದರಿಂದ ಚಿತ್ರ ನಮ್ಮದಕ್ಕಿಂತ ಸ್ಪಷ್ಟ. ಚಾನೆಲ್ಲನ್ನೂ ಕಂಪ್ಯೂಟರೇ ಹಾಕುತ್ತದೆ. ಆದರೆ ಬೀಗವಿಲ್ಲದ ಉಚಿತ ಚಾನೆಲ್ಲುಗಳು ಮಾತ್ರ ಸಿಗುತ್ತವೆ. ಚಂದನ ನೋಡುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಅವ್ವನ ಧಾರಾವಾಹಿಗೆ ಅದು ಆಗುವುದಿಲ್ಲ.

ಡಾಂಗಲ್ ಕೊಳ್ಳುವವರು ಒಂದು ವಿಷಯ ಗಟ್ಟಿಯಾಗಿ ಕೇಳಿ ತಿಳಿದುಕೊಳ್ಳಿ. ಹೊರಗಿನ ಕವಚ ಒಂದೇ ತರ ಇದ್ದರೂ ಒಳಗಿನ ಚಿಪ್ ಬೇರೆ ಬೇರೆ ಇರುತ್ತದೆ. ಕೆಲವಕ್ಕೆ ಸಿಡಿಯಲ್ಲಿ ಬರುವ ಹಳೆಯ ಡ್ರೈವರ್ ಬೇಕು, ಅದು ವಿಂಡೋಸ್ 11ರಲ್ಲಿ ಕೂರದೇ ಇರಬಹುದು. ಯುವಿಸಿ ಅಂತ ಬರೆದಿರುವುದನ್ನು ತೆಗೆದುಕೊಂಡರೆ ಡ್ರೈವರ್ ಗೋಜಿಲ್ಲ, ಚುಚ್ಚಿದರೆ ಸಾಕು. ಅಂಗಡಿಗೆ ಹೋಗುವಾಗ ನಿಮ್ಮ ಲ್ಯಾಪ್‌ಟಾಪನ್ನೇ ಕೊಂಡುಹೋಗಿ ಅಲ್ಲೇ ಹಾಕಿಸಿ ನೋಡಿ.