ಕ್ಯೂಜಿಐಎಸ್ ಅಥವಾ ಆರ್ಕ್‌ಜಿಐಎಸ್ ಪ್ರೊ: ನಕ್ಷೆ ಕೈಕೊಟ್ಟಾಗ ಯಾವುದು ಕೈಹಿಡಿಯುತ್ತದೆ?

ಕ್ಯೂಜಿಐಎಸ್, ಆರ್ಕ್‌ಜಿಐಎಸ್ ಪ್ರೊ (ಮುಂದೆ ಬರೀ 'ಪ್ರೊ') ಎರಡೂ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಸಾಫ್ಟ್‌ವೇರ್‌ಗಳು, ಮೊದಲನೆಯದು ಪುಕ್ಕಟೆ, ಎರಡನೆಯದಕ್ಕೆ ದುಡ್ಡು ಕೊಡಬೇಕು. ಎರಡರಲ್ಲಿ ಯಾವುದು ಒಳ್ಳೆಯದು ಅಂತ ಕೇಳುವವರು ಸಾಮಾನ್ಯವಾಗಿ ಚೆಂದದ ನಕ್ಷೆಯನ್ನು ಮನಸ್ಸಲ್ಲಿಟ್ಟುಕೊಂಡು ಕೇಳುತ್ತಾರೆ. ಚೆಂದದ ನಕ್ಷೆ ಎರಡರಲ್ಲೂ ಬರುತ್ತದೆ. ನನಗೆ ಮುಖ್ಯವಾದದ್ದು ಬೇರೆ. ಡೇಟಾ ಕೆಟ್ಟಿದ್ದಾಗ ಯಾವುದು ಬಾಯಿಬಿಟ್ಟು ಹೇಳುತ್ತದೆ? ರಿಪೇರಿ ಮಾಡುವಾಗ ಯಾವುದು ಮೂಲ ಫೈಲಿಗೆ ಕೈಹಾಕುವುದಿಲ್ಲ? ಕೋಲಾರ ಜಿಲ್ಲೆಯ ಕೆರೆಗಳು, ಹಳ್ಳಿ ಗಡಿಗಳು ಇರುವ ಒಂದೇ ಡೇಟಾವನ್ನು ಎರಡರಲ್ಲೂ ಹಾಕಿ ಇದನ್ನೇ ನೋಡಿದೆ.

ಮೊದಲು ಎಲ್ಲರಿಗೂ ಬರುವ ತೊಂದರೆ: ಲೇಯರ್ (ನಕ್ಷೆಯ ಒಂದು ಪದರ) ಹಾಕಿದ್ದೇವೆ, ಕಾಣಿಸುತ್ತಿಲ್ಲ. ಹೆಚ್ಚಿನ ಸಲ, ಸಂಖ್ಯೆಗಳು ಯಾವ ಅಳತೆ ಪದ್ಧತಿಯಲ್ಲಿವೆ ಅಂತ ಹೇಳುವ ಡಾಟ್ ಪಿಆರ್‌ಜೆ ಫೈಲ್ ಕಳೆದುಹೋಗಿರುತ್ತದೆ, ಯಾರೋ ಶೇಪ್‌ಫೈಲ್ (ಕೆಲವು ಫೈಲುಗಳ ಗುಂಪಾಗಿ ಬರುವ ನಕ್ಷೆ ಡೇಟಾ) ಕಳಿಸುವಾಗ ಅದನ್ನು ಬಿಟ್ಟು ಕಳಿಸಿರುತ್ತಾರೆ. ಆಗ ಲೇಯರ್‌ಗಳು ಎತ್ತು ಏರಿಗೆ, ಕೋಣ ನೀರಿಗೆ ಅನ್ನುವ ಹಾಗೆ ಒಂದೊಂದು ಕಡೆ ಹೋಗುತ್ತವೆ. ಡಿಗ್ರಿಯಲ್ಲಿರುವ 78, 13 (ರೇಖಾಂಶ, ಅಕ್ಷಾಂಶ) ಅನ್ನುವ ಸಂಖ್ಯೆಗಳನ್ನು ವೆಬ್ ಮರ್ಕೇಟರ್ (ಆನ್‌ಲೈನ್ ನಕ್ಷೆಗಳು ಬಳಸುವ ಪದ್ಧತಿ) ಮೀಟರ್ ಅಂತ ಓದಿದರೆ ಕೋಲಾರದ ಕೆರೆ ಆಫ್ರಿಕಾ ಪಕ್ಕದ ಗಿನಿ ಕೊಲ್ಲಿಯಲ್ಲಿ ಹೋಗಿ ಕೂರುತ್ತದೆ. ಕ್ಯೂಜಿಐಎಸ್ ಇಂಥ ಲೇಯರಿನ ಪಕ್ಕದಲ್ಲೇ ಪ್ರಶ್ನೆಚಿಹ್ನೆ ತೋರಿಸುತ್ತದೆ, ಹುಡುಕಬೇಕಾಗಿಲ್ಲ. ಪ್ರೊನಲ್ಲಿ ಲೇಯರಿನ ಪ್ರಾಪರ್ಟೀಸ್ ತೆಗೆದು, ಸೋರ್ಸ್ ಒಳಗೆ ಹೋಗಿ ನೋಡುವುದು ಖಚಿತವಾದ ದಾರಿ.

ಆದರೆ ಸರಿಮಾಡುವ ವಿಷಯಕ್ಕೆ ಬಂದರೆ ಪ್ರೊ ಸ್ಪಷ್ಟವಾಗಿದೆ. ಅಲ್ಲಿ ಎರಡು ಬೇರೆ ಟೂಲ್ ಇವೆ. 'ಡಿಫೈನ್ ಪ್ರೊಜೆಕ್ಷನ್' ಬರೀ ಪದ್ಧತಿಯ ಹೆಸರು ಬರೆಯುತ್ತದೆ, 'ಪ್ರಾಜೆಕ್ಟ್' ನಿಜವಾಗಿ ಸಂಖ್ಯೆಗಳನ್ನು ಬದಲಿಸಿ ಹೊಸ ಫೈಲ್ ಕೊಡುತ್ತದೆ. ಕ್ಯೂಜಿಐಎಸ್‌ನಲ್ಲಿ 'ಸೆಟ್ ಲೇಯರ್ ಸಿಆರ್‌ಎಸ್' (ಸಿಆರ್‌ಎಸ್ ಅಂದರೆ ಅದೇ ಅಳತೆ ಪದ್ಧತಿ) ಕೈಗೆ ಸುಲಭವಾಗಿ ಸಿಗುತ್ತದೆ, ಸಿಕ್ಕಿದ್ದಕ್ಕೆ ಎಲ್ಲರೂ ಅದನ್ನೇ ಒತ್ತುತ್ತಾರೆ. ಅದು ಆಗ ತೆರೆದಿರುವ ಪ್ರಾಜೆಕ್ಟ್ ಫೈಲಿಗೆ ಮಾತ್ರ ಅನ್ವಯ. ಅದೇ ಫೈಲನ್ನು ನಾಳೆ ಬೇರೆ ಪ್ರಾಜೆಕ್ಟಿಗೆ ಹಾಕಿದರೆ ಮತ್ತೆ ಪ್ರಶ್ನೆಚಿಹ್ನೆ ಬರುತ್ತದೆ.

ಪಿಆರ್‌ಜೆ ಇಲ್ಲದಿದ್ದರೆ ಏನು ಮಾಡೋದು? ಲೇಯರಿನ ಎಕ್ಸ್‌ಟೆಂಟ್ (ನಾಲ್ಕು ಅಂಚಿನ) ಸಂಖ್ಯೆ ನೋಡಿ. 78, 13 ಇದ್ದರೆ ಡಿಗ್ರಿ. ಮೊದಲ ಸಂಖ್ಯೆ 86-87 ಲಕ್ಷ ಇದ್ದರೆ ವೆಬ್ ಮರ್ಕೇಟರ್. ಆರಂಕಿ ಸಂಖ್ಯೆ, ಜೊತೆಗೆ 14 ಲಕ್ಷದ ಆಸುಪಾಸಿನ ಇನ್ನೊಂದು ಇದ್ದರೆ ಯುಟಿಎಂ, ಅಂದರೆ ಭೂಮಿಯನ್ನು ವಲಯಗಳಾಗಿ ಸೀಳಿ ಮೀಟರಿನಲ್ಲಿ ಅಳೆಯುವ ಪದ್ಧತಿ. ಕೋಲಾರದಲ್ಲಿ ಇನ್ನೊಂದು ತಲೆನೋವಿದೆ. ಯುಟಿಎಂ ವಲಯ 43 ಪೂರ್ವಕ್ಕೆ 78 ಡಿಗ್ರಿ ರೇಖಾಂಶದಲ್ಲಿ ಮುಗಿದು 44 ಶುರುವಾಗುತ್ತದೆ. ಮಾಲೂರು ಈ ಕಡೆ, ಮುಳಬಾಗಿಲು ಆ ಕಡೆ. ಕೋಲಾರ ಪಟ್ಟಣದ ಹತ್ತಿರದ ಒಂದೇ ಕೆರೆಗೆ 43ರಲ್ಲಿ ಈಸ್ಟಿಂಗ್ (ಪೂರ್ವ-ಪಶ್ಚಿಮದ ಸಂಖ್ಯೆ) 8 ಲಕ್ಷದ ಮೇಲೆ, 44ರಲ್ಲಿ 2 ಲಕ್ಷದ ಒಳಗೆ. ಎರಡೂ ನೋಡೋಕೆ ಸರಿಯಾದ ಸಂಖ್ಯೆಗಳೇ, ಅದಕ್ಕೇ ಯಾವ ಸಾಫ್ಟ್‌ವೇರೂ ತಪ್ಪು ಅನ್ನುವುದಿಲ್ಲ. ಇಡೀ ಜಿಲ್ಲೆಯನ್ನು ಇಪಿಎಸ್‌ಜಿ 32644ಕ್ಕೆ (ವಲಯ 44ರ ಕೋಡ್) ತಂದುಕೊಂಡು ಕೆಲಸ ಮಾಡುವುದು ವಾಸಿ.

ಇನ್ನು ಕನ್ನಡ. ನಮ್ಮವರಿಗೆ ಇದಕ್ಕಿಂತ ದೊಡ್ಡ ಗೋಳು ಇನ್ನೊಂದಿಲ್ಲ. ಹೆಸರಿನ ಕಾಲಮ್ ತೆರೆದರೆ ಗೊಂದಲದ ಅಕ್ಷರಗಳು. ಇದರಲ್ಲಿ ಮೂರು ಜಾತಿ ಇದೆ, ಮೂರಕ್ಕೂ ಮದ್ದು ಬೇರೆ. ಮೊದಲನೆಯದು, ತಲೆ ಮೇಲೆ ಗೆರೆ ಇರುವ ಇಂಗ್ಲಿಷ್ ಎ, ಪಕ್ಕದಲ್ಲಿ ಪುಟ್ಟ 2 ಅಥವಾ 3, ಮತ್ತೆ ಎ, ಮತ್ತೆ 2, ಹೀಗೇ ಸಾಲು. ಇದು ಒಳ್ಳೆಯ ಸುದ್ದಿ! ಡೇಟಾ ಸರಿಯಾಗೇ ಇದೆ, ಯುಟಿಎಫ್-8ರಲ್ಲಿ (ಎಲ್ಲ ಭಾಷೆಯ ಅಕ್ಷರ ಉಳಿಸುವ ಇವತ್ತಿನ ಪದ್ಧತಿ) ಬರೆದಿದ್ದನ್ನು ವಿಂಡೋಸಿನ ಹಳೆಯ ಕೋಡಿಂಗ್‌ನಲ್ಲಿ ಓದಲಾಗುತ್ತಿದೆ ಅಷ್ಟೇ. ಕ್ಯೂಜಿಐಎಸ್‌ನಲ್ಲಿ ಲೇಯರ್ ಪ್ರಾಪರ್ಟೀಸ್, ಸೋರ್ಸ್, ಅಲ್ಲಿ ಎನ್‌ಕೋಡಿಂಗ್ ಪಟ್ಟಿಯಿಂದ ಯುಟಿಎಫ್-8 ಆರಿಸಿದರೆ ಕನ್ನಡ ಕಣ್ಣೆದುರಿಗೇ ಬಂದು ನಿಲ್ಲುತ್ತದೆ. ಪ್ರೊನಲ್ಲಿ ಹೀಗೆ ಆರಿಸುವ ಪಟ್ಟಿ ನನಗೆ ಸಿಗಲಿಲ್ಲ. ನೋಟ್‌ಪ್ಯಾಡಿನಲ್ಲಿ ಯುಟಿಎಫ್-8 ಅಂತ ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದು, ಶೇಪ್‌ಫೈಲಿನದೇ ಹೆಸರು ಕೊಟ್ಟು, ಕೊನೆಗೆ ಡಾಟ್ ಸಿಪಿಜಿ ಹಾಕಿ ಪಕ್ಕದಲ್ಲಿಡಬೇಕು. ಗೊತ್ತಿದ್ದರೆ ಒಂದು ನಿಮಿಷದ ಕೆಲಸ, ಗೊತ್ತಿಲ್ಲದಿದ್ದರೆ ಇಡೀ ದಿನ ಹೋಗುತ್ತದೆ.

ಎರಡನೆಯದು, ಬರೀ ಪ್ರಶ್ನೆಚಿಹ್ನೆಗಳು. ಇದಕ್ಕೆ ಮದ್ದಿಲ್ಲ. ಉಳಿಸುವಾಗಲೇ ಅಕ್ಷರ ಹೋಗಿಬಿಟ್ಟಿದೆ, ಕೊಟ್ಟವರ ಹತ್ತಿರ ಮೂಲ ಫೈಲ್ ಕೇಳಿ. ಮೂರನೆಯದು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು. ಅದು ಯುನಿಕೋಡೇ ಅಲ್ಲ, ಇಂಗ್ಲಿಷ್ ಚಿಹ್ನೆಗಳಿಗೆ ಕನ್ನಡದ ವೇಷ ಹಾಕಿರುವುದು, ಹಾಗಾಗಿ ಎನ್‌ಕೋಡಿಂಗ್ ಎಷ್ಟು ಬದಲಿಸಿದರೂ ಸುಮ್ನೆ ಶ್ರಮ. ಕಾಲಮನ್ನು ಹೊರಗೆ ತೆಗೆದು ಯುನಿಕೋಡ್ ಪರಿವರ್ತಕದಲ್ಲಿ ಬದಲಿಸಿ ಮತ್ತೆ ಜೋಡಿಸಬೇಕು. ಇಲ್ಲಿ ಎರಡು ಸಾಫ್ಟ್‌ವೇರೂ ಒಂದೇ, ಯಾವುದೂ ಸಹಾಯ ಮಾಡುವುದಿಲ್ಲ.

ಶೇಪ್‌ಫೈಲ್ ಅನ್ನೋದೇ ಕನ್ನಡಕ್ಕೆ ಹೊಂದುವ ಫಾರ್ಮ್ಯಾಟ್ ಅಲ್ಲ. ಕಾಲಮ್ ಹೆಸರಿಗೆ ಸಿಗುವುದು 10 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು, ಸ್ವರಚಿಹ್ನೆಗೂ ಬೇರೆ ಲೆಕ್ಕ. 'ಊರು' ಅಂದರೆ 9, ಹೇಗೋ ಹಿಡಿಸುತ್ತದೆ. 'ಕೆರೆ' ಅಂದರೆ 12, ಅದೇ ಹಿಡಿಸುವುದಿಲ್ಲ! ಕ್ಯೂಜಿಐಎಸ್ ಲೇಯರ್ ಉಳಿಸುವಾಗ ಜಿಯೊಪ್ಯಾಕೇಜನ್ನೇ ಮೊದಲು ಮುಂದಿಡುತ್ತದೆ, ಪ್ರೊನಲ್ಲಿ ಫೈಲ್ ಜಿಯೊಡೇಟಾಬೇಸ್ ಇದೆ. ಎರಡರಲ್ಲಿ ಯಾವುದಾದರೂ ಆಗಲಿ, ಶೇಪ್‌ಫೈಲ್ ಬಿಡಿ.

ಜಿಯೊಮೆಟ್ರಿ, ಅಂದರೆ ಆಕಾರದ ದೋಷದ ವಿಷಯದಲ್ಲಿ ನನ್ನ ಮತ ಗಟ್ಟಿಯಾಗಿ ಕ್ಯೂಜಿಐಎಸ್‌ಗೆ. ಕೆರೆಯ ಗಡಿ ತನ್ನನ್ನೇ ತಾನು ದಾಟಿ ಗಂಟಾಗಿರುತ್ತದೆ. ಕ್ಲಿಪ್ ಅಥವಾ ಇಂಟರ್‌ಸೆಕ್ಷನ್ (ಒಂದು ಲೇಯರಿನಿಂದ ಇನ್ನೊಂದನ್ನು ಕತ್ತರಿಸುವುದು) ಮಾಡಲು ಹೋದರೆ ಕ್ಯೂಜಿಐಎಸ್ ಅಲ್ಲೇ ನಿಂತು, ಯಾವ ಐಡಿಯಲ್ಲಿ ದೋಷ ಇದೆ ಅಂತ ಹೇಳುತ್ತದೆ. 'ಫಿಕ್ಸ್ ಜಿಯೊಮೆಟ್ರೀಸ್' ಓಡಿಸಿದರೆ ಹೊಸ ಲೇಯರ್ ಸಿಗುತ್ತದೆ, ಹಳೆಯದು ಹಾಗೇ ಇರುತ್ತದೆ, ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಬಹುದು. ಪ್ರೊದ 'ರಿಪೇರ್ ಜಿಯೊಮೆಟ್ರಿ' ಮೂಲ ಫೈಲನ್ನೇ ತಿದ್ದುತ್ತದೆ. ಅದರಲ್ಲಿ ಆಕಾರ ಇಲ್ಲದ ಸಾಲುಗಳನ್ನು ಅಳಿಸುವ ಟಿಕ್ ಮೊದಲೇ ಹಾಕಿರುತ್ತದೆ. ಹೆಸರು, ಸರ್ವೆ ನಂಬರ್ ಎಲ್ಲ ಇದ್ದು ಗಡಿ ಇನ್ನೂ ಬರೆಯದ ಕೆರೆ ಇದ್ದರೆ ಆ ದಾಖಲೆಯೇ ಹೋಯಿತು ಅಂತ ಲೆಕ್ಕ. ದಯವಿಟ್ಟು ಕಾಪಿ ಇಟ್ಟುಕೊಂಡು, ಆ ಟಿಕ್ ತೆಗೆದು ಓಡಿಸಿ.

ಆದರೆ ಹಳ್ಳಿ ಗಡಿಗಳ ನಡುವಿನ ಸಂದು, ಒಂದರ ಮೇಲೊಂದು ಏರಿರುವುದು, ಇವನ್ನು ತಿದ್ದಲು ಪ್ರೊ ಬಹಳ ಮುಂದಿದೆ. ಜಿಯೊಡೇಟಾಬೇಸ್ ಟೊಪಾಲಜಿಯಲ್ಲಿ (ಗಡಿಗಳು ಒಂದಕ್ಕೊಂದು ಹೇಗೆ ಕೂಡಬೇಕು ಅನ್ನುವ ತಪಾಸಣೆ) ನಿಯಮ ಹಾಕಿ, ಒಂದೊಂದೇ ದೋಷದ ಹತ್ತಿರ ಹೋಗಿ ಅಲ್ಲೇ ಸರಿಮಾಡಬಹುದು. 'ಸಂದು ಇರಬಾರದು' ಅನ್ನುವ ನಿಯಮ ಹಾಕಿದರೆ ಜಿಲ್ಲೆಯ ಹೊರಗಡಿಯೂ ದೋಷ ಅಂತ ಬರುತ್ತದೆ, ಗಾಬರಿ ಬೇಡ, ಅದನ್ನು 'ಎಕ್ಸೆಪ್ಷನ್' ಅಂತ ಗುರುತಿಸಿದರೆ ಆಯಿತು. ಬೇಸರ ಏನೆಂದರೆ ಈ ಟೊಪಾಲಜಿ ಹೊಸದಾಗಿ ಮಾಡಲು ಬೇಸಿಕ್ ಲೈಸೆನ್ಸ್ ಸಾಲದು. ಕ್ಯೂಜಿಐಎಸ್‌ನ ಟೊಪಾಲಜಿ ಚೆಕರ್ ಪುಕ್ಕಟೆ, ದೋಷಗಳ ಪಟ್ಟಿ ಚೆನ್ನಾಗಿ ಕೊಡುತ್ತದೆ, ತಿದ್ದುವುದು ಮಾತ್ರ ನಮ್ಮ ಕೈಕೆಲಸ.

ವಿಸ್ತೀರ್ಣದ ಲೆಕ್ಕದಲ್ಲಿ ಎರಡರಲ್ಲೂ ಒಂದೇ ಹಳ್ಳ ಇದೆ. ವೆಬ್ ಮರ್ಕೇಟರ್‌ನಲ್ಲಿ ಸಮತಟ್ಟು ಲೆಕ್ಕ ಹಾಕಿದರೆ ಕೋಲಾರದ 100 ಎಕರೆ ಕೆರೆ ಸುಮಾರು 106 ಎಕರೆ ತೋರಿಸುತ್ತದೆ, ಬೀದರಿನಲ್ಲಾದರೆ 111. ಒತ್ತುವರಿ ಅಳೆಯುವವರಿಗೆ ಇದು ಸಣ್ಣ ವಿಷಯ ಅಲ್ಲ ಅಲ್ವಾ? ಪ್ರೊನಲ್ಲಿ 'ಕ್ಯಾಲ್ಕುಲೇಟ್ ಜಿಯೊಮೆಟ್ರಿ' ತೆರೆದರೆ 'ಏರಿಯಾ', 'ಏರಿಯಾ ಜಿಯೊಡೆಸಿಕ್' ಎರಡೂ ಕಣ್ಣಿಗೆ ಬೀಳುತ್ತವೆ, ಎರಡನೆಯದು ಭೂಮಿಯ ಬಾಗನ್ನೂ ಲೆಕ್ಕ ಹಾಕುತ್ತದೆ, ಅದನ್ನೇ ಆರಿಸಿ. ಕ್ಯೂಜಿಐಎಸ್‌ನಲ್ಲಿ ಡಾಲರ್ ಚಿಹ್ನೆ ಇರುವ ಏರಿಯಾ ಭೂಮಿಯ ಬಾಗು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಆದರೆ ಪ್ರಾಜೆಕ್ಟಿನಲ್ಲಿ ಎಲಿಪ್ಸಾಯ್ಡ್ (ಭೂಮಿಯ ಆಕಾರದ ಮಾದರಿ) ಆರಿಸಿರಬೇಕು. ಡಾಲರ್ ಇಲ್ಲದ್ದು ಸಮತಟ್ಟು ಲೆಕ್ಕ. ಹೊಸಬರಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಇಲ್ಲಿ ಪ್ರೊ ಮೇಲು.

ಟೇಬಲ್ ಜೋಡಿಸುವುದರಲ್ಲೂ (ಜಾಯಿನ್, ಅಂದರೆ ನಕ್ಷೆಗೆ ಇನ್ನೊಂದು ಪಟ್ಟಿಯ ಮಾಹಿತಿ ಸೇರಿಸುವುದು) ಅದೇ ಕಥೆ. 2011ರ ಜನಗಣತಿಯಲ್ಲಿ ಗುಲ್ಬರ್ಗ, ಶಿಮೊಗ್ಗ ಅಂತಿದೆ, 2014ರ ನವೆಂಬರ್ ನಂತರದ ಡೇಟಾದಲ್ಲಿ ಕಲಬುರಗಿ, ಶಿವಮೊಗ್ಗ. ಪ್ರೊದ 'ವ್ಯಾಲಿಡೇಟ್ ಜಾಯಿನ್' ಎಷ್ಟು ಸಾಲು ಹೊಂದಿತು ಅಂತ ಮುಂಚೆಯೇ ಹೇಳುತ್ತದೆ. ಕ್ಯೂಜಿಐಎಸ್‌ನ ಮಾಮೂಲಿ ಜಾಯಿನ್ ಖಾಲಿ ಜಾಗ ಬಿಟ್ಟು ಸುಮ್ಮನಾಗುತ್ತದೆ. ಹೆಸರು ಬಿಟ್ಟು ಕೋಡ್ ಮೇಲೆ ಜೋಡಿಸಿ.

ದುಡ್ಡಿನ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ, ಅದರ ಮೇಲೆ ಪ್ರೊ ವಿಂಡೋಸಿನಲ್ಲಿ ಮಾತ್ರ ಓಡುತ್ತದೆ. ಸದ್ಯ ನಾನು ಡೇಟಾ ತೆರೆಯುವುದು, ಕನ್ನಡ ಸರಿಮಾಡುವುದು, ಜಿಯೊಮೆಟ್ರಿ ರಿಪೇರಿ ಎಲ್ಲ ಕ್ಯೂಜಿಐಎಸ್‌ನಲ್ಲೇ ಮಾಡಿ, ಹಳ್ಳಿ ಗಡಿ ಹೊಂದಿಸುವುದಕ್ಕೆ ಮಾತ್ರ ಪ್ರೊ ಹಿಡಿಯುತ್ತೇನೆ. ಮುದ್ರಣಕ್ಕೂ ಕ್ಯೂಜಿಐಎಸ್ಸೇ. ಪಿಡಿಎಫ್ ತೆಗೆಯುವಾಗ ಅಕ್ಷರಗಳನ್ನು 'ಪಾತ್ಸ್' (ಬರೀ ಗೆರೆಗಳ ಆಕಾರ) ಆಗಿ ಕಳಿಸುವ ಆಯ್ಕೆ ಇದೆ, ಅದನ್ನೇ ಇಡಿ. ಪಿಡಿಎಫ್‌ನಲ್ಲಿ ಹೆಸರು ಹುಡುಕೋಕೆ ಆಗುವುದಿಲ್ಲ, ಆದರೆ ಒತ್ತಕ್ಷರ ಯಾರ ಕಂಪ್ಯೂಟರಿನಲ್ಲೂ ಮುರಿಯುವುದಿಲ್ಲ. ಪ್ರೊನಲ್ಲಿ ತೆಗೆಯುವುದಾದರೆ 'ಎಂಬೆಡ್ ಫಾಂಟ್ಸ್' (ಫಾಂಟನ್ನೂ ಪಿಡಿಎಫ್ ಒಳಗೇ ಸೇರಿಸುವುದು) ಟಿಕ್ ಇದೆಯಾ ಅಂತ ನೋಡಿಕೊಂಡು ಕಳಿಸಿ.