ಜಿಂಕೆ ಬೇಟೆಗೆ ಮೊದಲ ಕೈಬಂದೂಕು: .357, .44 ಅಥವಾ 10 ಎಂಎಂ?

ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಯ ಬೇಟೆಗೆ ಮೊದಲ ಕೈಬಂದೂಕು ಕೊಳ್ಳುವವರು ಮೊದಲು ತಮ್ಮ ರಾಜ್ಯದ ನಿಯಮ ಓದಬೇಕು. ಕ್ಯಾಲಿಬರ್ (ಗುಂಡಿನ ಅಡ್ಡಳತೆ), ನಳಿಗೆಯ ಉದ್ದದ ಮಿತಿಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಬಲದಲ್ಲಿ .44 ಮ್ಯಾಗ್ನಂ (ಹೆಚ್ಚು ಬಲದ ತೋಟಾ) ಮುಂದು. ಅದರ ಸಾಮಾನ್ಯ ಗುಂಡು 240 ಗ್ರೇನ್ (ಗುಂಡಿನ ತೂಕದ ಅಳತೆ); 1935ರಿಂದ ಬಳಕೆಯಲ್ಲಿರುವ .357 ಮ್ಯಾಗ್ನಂನದು 158. ಓರೆಯಾಗಿ ನಿಂತ ಜಿಂಕೆಯಲ್ಲಿ ಈ ತೂಕ ನೆರವಾಗುತ್ತದೆ. .357 ಹಿಡಿದವರು 50 ಗಜದೊಳಗೆ, ಪಕ್ಕೆ ತೋರಿಸಿ ನಿಂತ ಜಿಂಕೆಗಾಗಿ ಕಾಯಬೇಕು.

ಆದರೆ ನನಗೆ ಬಲಕ್ಕಿಂತ ಒದೆತವೇ ದೊಡ್ಡ ಪ್ರಶ್ನೆ. .44 ಹಾರಿಸಿದಾಗ ನಳಿಗೆ ಹಣೆಯ ಮಟ್ಟಕ್ಕೆ ಚಿಮ್ಮುತ್ತದೆ, ಹಿಡಿ ಅಂಗೈಗೆ ಬಡಿಯುತ್ತದೆ. ಹತ್ತು ಗುಂಡಿನೊಳಗೆ ಹೊಸಬರು ಟ್ರಿಗರ್ ಎಳೆಯುವ ಮುನ್ನವೇ ಕಣ್ಣು ಮುಚ್ಚತೊಡಗುತ್ತಾರೆ. ಹಾಗೆ ತಪ್ಪಿದ ಗುಂಡು ಜಿಂಕೆಯ ಹೊಟ್ಟೆಗೆ ತಗುಲಿದರೆ ಅದು ಗಂಟೆಗಟ್ಟಲೆ ನರಳುತ್ತದೆ. ಆರು ಇಂಚಿನ ಕಾಗದದ ತಟ್ಟೆಗೆ ಆರೂ ಗುಂಡು ಬೀಳುವ ದೂರ ಎಷ್ಟೆಂದು ನೋಡಿ, ಅದರಾಚೆ ಹಾರಿಸಬೇಡಿ.

ಅಭ್ಯಾಸದ ಖರ್ಚಿನಲ್ಲಿ .357 ಹಗುರ: ಅದೇ ರಿವಾಲ್ವರಿನಲ್ಲಿ ಅಗ್ಗದ, ಕಡಿಮೆ ಬಲದ .38 ಸ್ಪೆಷಲ್ ತೋಟಾ ಹಾರಿಸಬಹುದು. .44ರಲ್ಲಿ .44 ಸ್ಪೆಷಲ್ ತೋಟಾದ ಒದೆತ ಮೃದು, ಆದರೆ ಅದು ಅಗ್ಗವಲ್ಲ.

1983ರಲ್ಲಿ ಬಂದ 10 ಎಂಎಂ ಅರೆಸ್ವಯಂಚಾಲಿತ ಪಿಸ್ತೂಲಿನದು. ಬಲ, ಒದೆತ ಎರಡರಲ್ಲೂ ನಡುವೆ. ಪಿಸ್ತೂಲು ಆಗಲೇ ಕೈಗೆ ಪಳಗಿದ್ದರೆ ಇದು ಸರಿ. ಹೊಸದಾಗಿ ಕಲಿಯುತ್ತಾ ದಟ್ಟ ಕಾಡಿನಲ್ಲಿ ಹತ್ತಿರದಿಂದ ಬೇಟೆಯಾಡುವವರಿಗೆ ಆರು ಇಂಚಿನ ನಳಿಗೆಯ .357. ವರ್ಷವಿಡೀ ಅಭ್ಯಾಸ ಮಾಡಬಲ್ಲವರು, ಮುಂದೆ ಕಾಡುಹಂದಿಯತ್ತಲೂ ಕಣ್ಣಿಟ್ಟವರು .44 ಕೊಳ್ಳಲಿ, ಭಾರವಾದ ರಿವಾಲ್ವರನ್ನೇ ಆರಿಸಲಿ.