ಲೇತ್ ಚೇಂಜ್ ಗೇರಿಗೆ ಗ್ರೀಸಾ, ಆಯಿಲಾ, ಚೈನ್ ಲ್ಯೂಬಾ? ಮೂರೂ ಹಾಕಿ ನೋಡಿದ್ದು

ನಮ್ಮ ಪೀಣ್ಯ ಶೆಡ್ಡಲ್ಲಿರೋದು ಹರಿಹರದಲ್ಲಿ ತಯಾರಾದ ಹಳೇ ಮೈಸೂರು ಕಿರ್ಲೋಸ್ಕರ್ ಲೇತ್, ಕೆಲಸ ಜಾಸ್ತಿ ಬೀಡಿನ (ಕ್ಯಾಸ್ಟ್ ಐರನ್) ಪುಲ್ಲಿ, ಫ್ಲ್ಯಾಂಜು. ನಾನ್ ಹೇಳ್ತಿರೋದು ಎಡಗಡೆ ಎಂಡ್ ಕವರ್ ತೆಗೆದ್ರೆ ಕಾಣೋ ಚೇಂಜ್ ಗೇರ್ (ಥ್ರೆಡ್ ಪಿಚ್ ಬದಲಿಸೋಕೆ ಬಿಚ್ಚಿ ಹಾಕೋ ಗೇರ್) ಬಗ್ಗೆ ಮಾತ್ರ, ಹೆಡ್‌ಸ್ಟಾಕ್ (ಜಾಬ್ ತಿರುಗಿಸೋ ಸ್ಪಿಂಡಲ್ ಇರೋ ಪೆಟ್ಟಿಗೆ) ಒಳಗಿನವು ಆಯಿಲಲ್ಲೇ ಓಡುತ್ವೆ, ಅದರ ಕಥೆ ಬೇರೆ.

ಮೊದ್ಲು ಕ್ಲೀನಿಂಗ್. ಡೀಸೆಲ್ ಜಿಡ್ಡೇನೋ ಬಿಡ್ಸುತ್ತೆ ಆದ್ರೆ ಬೇಗ ಒಣಗಲ್ಲ, ಹಲ್ಲಿನ ಮೇಲೆ ಪದರ ಉಳ್ಕೊಂಡ್ಬಿಡುತ್ತೆ, ಅದರ ಮೇಲೆ ಏನ್ ಬಳಿದ್ರೂ ಸರಿಯಾಗಿ ಹಿಡಿಯಲ್ಲ. ಸೀಮೆಎಣ್ಣೆ ಅದಕ್ಕಿಂತ ವಾಸಿ, ಆದ್ರೆ ಈಗ ಸಿಗೋದೇ ಕಷ್ಟ. ಕೊನೆಗೆ ಪೇಂಟ್ ಅಂಗಡಿ ಟರ್ಪೆಂಟೈನ್‌ಗೆ ಬಂದೆ, ಗೇರ್ ಬಿಚ್ಚಿ ಹಳೇ ಟ್ರೇಲಿ ನೆನೆಹಾಕಿ ಹಲ್ಲುಜ್ಜೋ ಬ್ರಶ್ಶಲ್ಲಿ ತಿಕ್ಕಿದ್ರೆ ಬೀಡಿನ ಬೂದುಬಣ್ಣ ಕಾಣೋಷ್ಟು ಕ್ಲೀನಾಗುತ್ತೆ. ಪೆಟ್ರೋಲ್ ಮಾತ್ರ ಬೇಡವೇ ಬೇಡ, ಪಕ್ಕದಲ್ಲೇ ಗ್ರೈಂಡರ್ ಕಿಡಿ ಹಾರ್ತಿರುತ್ತೆ. ಏರ್ ಗನ್ ಕೂಡ ಹೊಡೀಬೇಡಿ, ಬೀಡಿನ ಪುಡಿ ಬುಶ್ (ಗೇರ್ ನಡುವಿನ ತೂತಲ್ಲಿರೋ ಕೊಳವೆ) ಒಳಗೆ ಹೋಗಿ ಕೂತ್ಕೊಳ್ಳುತ್ತೆ. ಮೇನ್ ಸ್ವಿಚ್ ಆಫ್ ಮಾಡಿ, ಸ್ಪಿಂಡಲ್ ಕೈಯಲ್ಲೇ ತಿರುಗಿಸಿ.

ಈಗ ಲ್ಯೂಬ್. ವರ್ಷಗಳಿಂದ ನಾವು ಹಾಕ್ತಿದ್ದಿದ್ದು ಲಿಥಿಯಂ ಗ್ರೀಸ್, ಬೇರಿಂಗಿಗೆ ತಂದ ಡಬ್ಬಾ ಪಕ್ಕದಲ್ಲೇ ಇರುತ್ತಲ್ಲ ಅಂತ. ಹಾಕಿದ ದಿನ ಸೌಂಡೇ ಇರಲ್ಲ, ಅದಕ್ಕೆ ಎಲ್ರಿಗೂ ಇಷ್ಟ. ಮೂರು ವಾರ ಬೀಡು ಟರ್ನ್ ಮಾಡಿ ಕವರ್ ತೆಗೆದೆ ನೋಡಿ, ಹಲ್ಲಿನ ಬುಡದಲ್ಲಿ ಕಪ್ಪಗೆ ಮೇಣದ ಥರ ಗಟ್ಟಿಯಾಗಿ ಕೂತಿತ್ತು, ಪೊರಕೆ ಕಡ್ಡಿ ಮುರಿದೋಯ್ತು, ಹ್ಯಾಕ್ಸಾ ಬ್ಲೇಡ್ ತುದಿಯಿಂದ ಕೆರೆದು ತೆಗೆದಿದ್ದು. ಅದನ್ನ ಎರಡು ಬೆರಳ ಮಧ್ಯೆ ಉಜ್ಜಿದ್ರೆ ನುಣ್ಣಗಿರಲಿಲ್ಲ, ಮರಳಿನ ಥರ ಕರಕರ ಅಂತಿತ್ತು. ವಾಲ್ವ್ ಉಜ್ಜೋ ಪೇಸ್ಟನ್ನ ನಾವೇ ತಯಾರು ಮಾಡಿ ನಮ್ಮ ಗೇರಿಗೆ ಹಚ್ಚಿದ ಹಾಗಾಯ್ತಲ್ಲ, ನಿಜವಾಗ್ಲೂ ಹೊಟ್ಟೆ ಉರಿದೋಯ್ತು. ಬರೀ ಎಂಎಸ್ (ಮೈಲ್ಡ್ ಸ್ಟೀಲ್) ಕೆಲಸ ಮಾಡೋರಿಗೆ ಇಷ್ಟು ಕಷ್ಟ ಆಗ್ಲಿಕ್ಕಿಲ್ಲ, ಅಲ್ಲಿ ಚಿಪ್ಸ್ ಸುರುಳಿಯಾಗಿ ಬರುತ್ತೆ, ಬೀಡಿಂದು ಹಿಟ್ಟಿನ ಥರ ಹಾರುತ್ತೆ.

ಆಮೇಲೆ ಲೇತ್ ಬೆಡ್ಡಿಗೆ (ಟೂಲ್ ಹಿಡಿದಿರೋ ಭಾಗ ಜಾರೋ ಹಾಸು) ಹಾಕೋ 68 ನಂಬರ್ ಸ್ಲೈಡ್ ವೇ ಆಯಿಲ್. ಪುಡಿ ಅಷ್ಟಾಗಿ ಕೂರಲ್ಲ, ತೊಳ್ಕೊಂಡು ಕೆಳಗಿಳಿಯುತ್ತೆ, ಆದ್ರೆ ಹಲ್ಲಿನ ಮೇಲೆ ನಿಲ್ಲೋದೂ ಇಲ್ಲ. ಬೆಳಿಗ್ಗೆ ಹಾಕಿದ್ರೆ ಮಧ್ಯಾಹ್ನಕ್ಕೆ ಮತ್ತೆ ಕರಕರ. ನಮ್ಮದು ಇಂಚು ಲೀಡ್ ಸ್ಕ್ರೂ (ಥ್ರೆಡ್ ಹೊಡೆಯುವಾಗ ಟೂಲನ್ನ ಎಳೆಯೋ ಉದ್ದ ಸ್ಕ್ರೂ), ಮೆಟ್ರಿಕ್ ಥ್ರೆಡ್ ಕರೆಕ್ಟಾಗಿ ಹೊಡೀಬೇಕಂದ್ರೆ 127 ಹಲ್ಲಿನ ಗೇರ್ ಹಾಕ್ಲೇಬೇಕು (ಒಂದು ಇಂಚಂದ್ರೆ 25.4 ಮಿಮೀ, ಅದನ್ನ 5ರಿಂದ ಗುಣಿಸಿದ್ರೆ 127, ಲೆಕ್ಕ ಅಲ್ಲಿಂದ ಬಂದಿದ್ದು), ಆ ದೊಡ್ಡ ಗೇರ್ ತಿರುಗಿದ್ರೆ ಕವರ್ ಒಳಗೆಲ್ಲಾ ಆಯಿಲ್ ಗೆರೆ, ಅಲ್ಲಿಂದ ಸೋರಿ ನೆಲಕ್ಕೆ. 90 ನಂಬರ್ ಗೇರ್ ಆಯಿಲೂ ಹಾಕ್ದೆ, ಸ್ವಲ್ಪ ಹೆಚ್ಚು ಹೊತ್ತು ನಿಲ್ತು ಅಷ್ಟೇ, ಕಥೆ ಅದೇ.

ಮೂರನೇದು ಬೈಕ್ ಚೈನಿಗೆ ಹೊಡೆಯೋ ಸ್ಪ್ರೇ. ತೆಳ್ಳಗೆ ಹೋಗಿ ಸಂದಿಗೆ ಇಳಿಯುತ್ತೆ, ಅರ್ಧ ಗಂಟೆ ಬಿಟ್ರೆ ಅಂಟಾಗಿ ಹಿಡಿಯುತ್ತೆ, ಎಗರಲ್ಲ. ಹೊಡೆದ ತಕ್ಷಣ ಮಷೀನ್ ಚಾಲೂ ಮಾಡಿದ್ರೆ ಮಾತ್ರ ಎಲ್ಲಾ ಕವರಿಗೇ. ಪುಡಿ ಇದಕ್ಕೂ ಅಂಟುತ್ತೆ, ಅಂಟಲ್ಲ ಅಂತ ಸುಳ್ಳು ಹೇಳಲ್ಲ, ಆದ್ರೆ ಪದರ ತೆಳು ಇರೋದ್ರಿಂದ ಬುಡದಲ್ಲಿ ಗಟ್ಟಿ ಕಟ್ಟಲ್ಲ, ಬ್ರಶ್ಶಿಗೇ ಬಂದ್ಬಿಡುತ್ತೆ. ಸೌಂಡು ಗ್ರೀಸಿಗಿಂತ ಒಂಚೂರು ಜಾಸ್ತಿ. ರೇಟು ಮೂರರಲ್ಲೂ ಇದಕ್ಕೇ ಹೆಚ್ಚು.

ಸೌಂಡಿನ ವಿಷ್ಯದಲ್ಲಿ ಇನ್ನೊಂದು, ಅರ್ಧ ಸೌಂಡು ಲ್ಯೂಬಿಂದಲ್ಲ, ಸೆಟ್ಟಿಂಗಿಂದ. ಎರಡು ಗೇರ್ ಮಧ್ಯೆ ನ್ಯೂಸ್‌ಪೇಪರ್ ಪಟ್ಟಿ ಇಟ್ಟು ಒತ್ತಿ ನಟ್ ಟೈಟ್ ಮಾಡಿ, ಆಮೇಲೆ ತಿರುಗಿಸಿ ಪೇಪರ್ ಆಚೆ ತೆಗೀರಿ, ಪೇಪರ್ ಮಡಿಕೆ ಬಿದ್ದು ಹರಿಯದೆ ಬಂದ್ರೆ ಸರಿಯಾಗಿದೆ ಅಂತ.

ನಾನು ಈಗ ಹಲ್ಲಿಗೆ ಚೈನ್ ಸ್ಪ್ರೇ, ಸ್ಟಡ್ (ಗೇರ್ ಕೂರೋ ಪಿನ್) ಬುಶ್ಶಿಗೆ ಮಾತ್ರ ಅದೇ 68 ಆಯಿಲ್ ದಿನಾ ಎರಡು ಹನಿ. ಬುಶ್ಶಿಗೂ ಸ್ಪ್ರೇ ಹೊಡೆದು ಸುಮ್ನಿದ್ದೆ ಒಂದ್ ತಿಂಗಳು, ಸ್ಟಡ್ ಮೇಲೆ ಉಗುರಿಗೆ ಸಿಗೋ ಗೀರು ಬಿತ್ತು, ಬುಶ್ ಹೊಸದು ಮಾಡ್ಬೇಕಾಯ್ತು.